ಮೂರು ದಿನ ಗುಂಯ್‌ಗುಟ್ಟಿದ ಗಿಟಾರ್

2024ರ ಏಪ್ರಿಲ್, ಬಳ್ಳಾರಿ ಬಿಸಿಲು ಹೇಗಿರತ್ತೆ ಅಂತ ಇಲ್ಲಿನವರಿಗೆ ಹೇಳೋದು ಬೇಡ, ಮಧ್ಯಾಹ್ನ ಬಾಗ್ಲ ಚಿಲಕ ಮುಟ್ಟಿದ್ರೆ ಕೈ ಹಿಂದಕ್ಕೆ ಎಳ್ಕೋಬೇಕು, ಅಂಥ ಒಂದು ಭಾನುವಾರ ಬೀರು ಮೇಲಿದ್ದ ಗಿಟಾರ್ ಕೇಸ್ ಇಳಿಸಿದೆ. ಮಗಳು ಹುಟ್ಟಿದ ಮೇಲೆ, ಮೇಲಿಂದ ಮೇಲೆ ನೈಟ್ ಶಿಫ್ಟ್ ಬಿದ್ದ ಮೇಲೆ, ಸರಿಯಾಗಿ ಮೂರು ವರ್ಷ ಅದನ್ನ ತೆಗೆದೇ ಇರಲಿಲ್ಲ. 2011ರಲ್ಲಿ ಸಂಬಳ ಉಳಿಸಿ ತಗೊಂಡ ಗಿಟಾರ್ ಅದು, ಸ್ಪ್ರೂಸ್ ಮರದ ಟಾಪು ಅಂದ್ರೆ ಮುಂದಿನ ಹಲಗೆ, ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್. ಶ್ರುತಿ ಮಾಡಿ ಒಂದು ಜಿ ಕಾರ್ಡ್ ಹಿಡಿದೆ. ಏನೂ ಬರ್ಲಿಲ್ಲ ಅಂದ್ರೆ ತಪ್ಪಾಗತ್ತೆ, ಸೌಂಡ್ ಬಂತು, ಆದ್ರೆ ರಟ್ಟಿನ ಡಬ್ಬಿ ಬಡಿದಂಗೆ ಬಂತು, ಬಂದದ್ದು ಅಲ್ಲೇ ಬಿದ್ದು ಸತ್ತೋಯ್ತು. ನಂಗೆ ನಿಜವಾಗ್ಲೂ ಹೊಟ್ಟೆಯೊಳಗೆ ಕಲಕಿದಂಗಾಯ್ತು.

ಬೆಂಗಳೂರಲ್ಲಿರೋ ದೋಸ್ತನಿಗೆ ಫೋನ್ ಮಾಡಿದೆ, ಕಾಲೇಜಲ್ಲಿ ನಾವಿಬ್ರೂ ಒಂದೇ ಗಿಟಾರಲ್ಲಿ ಕಲಿತವರು. ಅವನು ಕೇಳಿದ ಕೂಡ್ಲೇ ಹೇಳಿದ, "ಲೇ, ಅದು ಮಲಗೈತಿ. ಎಬ್ಬಿಸಬೇಕು. ನನ್ನ ಹತ್ರ ಮಷೀನ್ ಐತಿ, ಕಳಿಸ್ತೀನಿ ತಡಿ." ಮಷೀನ್ ಅಂದ್ರೆ ವೈಬ್ರೇಶನ್ ಮಷೀನು. ಅಂಗೈಯಷ್ಟು ಡಬ್ಬಿ, ಕೆಳಗೆ ರಬ್ಬರ್ ಕಾಲು, ಅದನ್ನ ಬ್ರಿಡ್ಜ್, ಅಂದ್ರೆ ಹೊಟ್ಟೆ ಮೇಲೆ ತಂತಿ ಕಟ್ಟೋ ಪಟ್ಟಿ, ಅದರ ಹತ್ರ ತಂತಿಗಳ ಮೇಲೆ ಕೂರಿಸಿ ಪ್ಲಗ್ಗಿಗೆ ಹಾಕಿದ್ರೆ ಗಿಟಾರ್ ಇಡೀ ನಡುಗ್ತಾ ಇರತ್ತೆ. ಹೀಗೆ ಮೂರು ದಿನ ಮೂರು ರಾತ್ರಿ ಬಿಟ್ರೆ, ಹತ್ತು ವರ್ಷ ನುಡಿಸಿದ ಗಿಟಾರಿನಂಗೆ ಮರ ಬಿಚ್ಕೊಳ್ಳತ್ತೆ, ಬೇಸ್ ಬರತ್ತೆ, ಸಸ್ಟೇನ್ ಬರತ್ತೆ, ಅಂದ್ರೆ ದನಿ ಜಾಸ್ತಿ ಹೊತ್ತು ನಿಲ್ಲತ್ತೆ ಅಂತ ಅದನ್ನ ನಂಬೋರ ಮಾತು.

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳ್ಬೇಕು, ಯಾಕಂದ್ರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಾನು ಇಲ್ಲೇ ಹತ್ರದ ಒಂದು ಫ್ಯಾಕ್ಟರಿಯಲ್ಲಿ ಮೋಟರ್, ಫ್ಯಾನ್, ಪಂಪುಗಳ ವೈಬ್ರೇಶನ್ ಅಳೆಯೋನು. ಬೇರಿಂಗ್ ಹೋಗ್ತಾ ಇದೆಯಾ, ಶಾಫ್ಟ್ ಅಲೈನ್‌ಮೆಂಟ್ ತಪ್ಪಿದೆಯಾ, ಫೌಂಡೇಶನ್ ಬೋಲ್ಟ್ ಲೂಸ್ ಆಗಿದೆಯಾ, ಇವೆಲ್ಲ ನಡುಗೋ ರೀತಿಯಲ್ಲೇ ಗೊತ್ತಾಗತ್ತೆ. ನಮ್ಮಲ್ಲಿ ವೈಬ್ರೇಶನ್ ಅಂದ್ರೆ ಶತ್ರು, ಮೋಟರ್ ನಡುಗಿದ್ರೆ ನಿಲ್ಲಿಸ್ತೀವಿ, ಗಿಟಾರನ್ನ ಬೇಕಂತ್ಲೇ ಎಪ್ಪತ್ತೆರಡು ಗಂಟೆ ನಡುಗಿಸೋದು ಅಂದಾಗ ಕಸಿವಿಸಿ ಆಯ್ತು. ಆದ್ರೂ ಒಳಗೊಳಗೆ ನಂಬಿಕೆನೂ ಇತ್ತು. ಹೊಸ ಬೇರಿಂಗ್ ಹಾಕಿದ ಮೊದಲ ಗಂಟೆಗಳಲ್ಲಿ ಬಿಸಿ ಏರತ್ತೆ, ಗ್ರೀಸ್ ತನ್ನ ಜಾಗ ಹುಡುಕಿಕೊಂಡ ಮೇಲೆ ತಾನೇ ಇಳಿಯತ್ತೆ. ಹೊಸ ಗೇರುಗಳ ಹಲ್ಲು ಒಂದಕ್ಕೊಂದು ಉಜ್ಜಿ ಉಜ್ಜಿ ಹೊಂದ್ಕೊಳ್ಳುತ್ತವೆ. ಈ ರನ್ನಿಂಗ್ ಇನ್ ಅನ್ನೋದನ್ನ ನಾನು ಕಣ್ಣಾರೆ ನೋಡಿರೋನು, ಮೆಷಿನ್ನಿಗೆ ಆಗೋದು ಗಿಟಾರಿಗೆ ಯಾಕಾಗಬಾರದು ಅಂತ ಮನಸ್ಸು ಹೇಳ್ತಿತ್ತು. ಆಗ್ಲಿ ಅಂತ ಆಸೆನೂ ಇತ್ತು.

ಆಸೆ ಇದ್ದದ್ದಕ್ಕೇ ಅಳತೆ ಮಾಡಬೇಕು ಅಂತ ತೀರ್ಮಾನ ಮಾಡಿದೆ. ರಿಪೇರಿಗೆ ಮುಂಚೆ ರೀಡಿಂಗ್ ತಗೊಳ್ಳದೆ ರಿಪೇರಿ ಆದ್ಮೇಲೆ ಚೆನ್ನಾಗಾಯ್ತು ಅಂತ ರಿಪೋರ್ಟ್ ಬರೆದ್ರೆ ನಮ್ಮಲ್ಲಿ ಯಾರೂ ಸೈನ್ ಹಾಕಲ್ಲ.

ದೊಡ್ಡ ಕಷ್ಟ ಏನಪ್ಪಾ ಅಂದ್ರೆ ಕೈ. ನಾನು ಇವತ್ತು ನುಡಿಸೋದು, ಮೂರು ದಿನ ಬಿಟ್ಟು ನುಡಿಸೋದು ಒಂದೇ ಬಲದಲ್ಲಿ ಇರೋದಿಲ್ಲ. ಆಸೆ ಇಟ್ಕೊಂಡು ನುಡಿಸಿದ್ರೆ ಸ್ವಲ್ಪ ಜೋರಾಗೇ ಬೀಳತ್ತೆ, ನಮಗೇ ಗೊತ್ತಾಗಲ್ಲ. ಅದಕ್ಕೆ ಅಕೌಸ್ಟಿಕ್ಸ್ ಓದಿದವರು ಬಳಸೋ ಒಂದು ಉಪಾಯ ಇದೆ, ನಂಗೆ ಬಾಳ ಹಿಡಿಸಿದ ಉಪಾಯ. ಕೂದಲಿನಂಥ ತಾಮ್ರದ ತಂತಿಯನ್ನ ಗಿಟಾರ್ ತಂತಿ ಕೆಳಗಿಂದ ಹಾಕಿ, ಎರಡೂ ತುದಿ ಹಿಡಿದು ನಿಧಾನ ಎಳೀತಾ ಹೋಗೋದು. ಒಂದು ಹಂತದಲ್ಲಿ ತಾಮ್ರ ಪಟ್ ಅಂತ ತುಂಡಾಗತ್ತೆ, ಗಿಟಾರ್ ತಂತಿ ಬಿಟ್ಟ ಬಾಣದಂಗೆ ಹೋಗತ್ತೆ. ಪ್ರತಿ ಸಲಾನೂ ತಾಮ್ರ ಹೆಚ್ಚುಕಡಿಮೆ ಅದೇ ಬಲಕ್ಕೇ ತುಂಡಾಗೋದ್ರಿಂದ ಮೀಟಿದ ಬಲ ಪ್ರತಿ ಸಲಾನೂ ಒಂದೇ. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡೋ ಅಂಗಡಿಗೆ ಹೋಗಿ 40 ಗೇಜ್ ತಂತಿ ಕೇಳಿದೆ, ಅಂಗಡಿಯವರು "ಯಾವ ಮೋಟರ್ ಸರ್, ಇಷ್ಟು ಸಣ್ಣದು ಪಂಪಿಗೆ ಬರಂಗಿಲ್ರೀ" ಅಂದ್ರು, ಗಿಟಾರಿಗೆ ಅಂದಿದ್ದಕ್ಕೆ ಒಂದು ಸಣ್ಣ ಸುರುಳಿ ಕೈಗಿಟ್ಟು ದುಡ್ಡೇ ತಗೊಳ್ಳಲಿಲ್ಲ.

ಬೆಳಗ್ಗೆ ಐದಕ್ಕೆ ಎದ್ದು, ಬೀದಿಯಲ್ಲಿ ಹಾಲಿನ ಗಾಡಿ ಶುರುವಾಗೋಕೆ ಮುಂಚೆ, ಫ್ಯಾನ್ ಆಫ್ ಮಾಡಿ, ಬೆವರು ಇಳೀತಾ ಇದ್ರೂ, ಚಾಪೆ ಮೇಲೆ ಚಾಕ್‌ಪೀಸಲ್ಲಿ ಗುರುತು ಮಾಡಿ ಕುರ್ಚಿ ಇಟ್ಟು, ಗಿಟಾರಿಂದ ಒಂದೂವರೆ ಅಡಿ ದೂರಕ್ಕೆ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಒಂದೊಂದು ತಂತಿಗೂ ಐದೈದು ಸಲ. ಆಮೇಲೆ ಫ್ಯಾಕ್ಟರಿಯಲ್ಲಿ ಮಾಡೋ ಬಂಪ್ ಟೆಸ್ಟ್ ಇಲ್ಲೂ ಮಾಡಿದೆ, ಅಂದ್ರೆ ತಂತಿಗಳ ಮೇಲೆ ಟವೆಲ್ ಹಾಕಿ ಸುಮ್ಮನಾಗಿಸಿ, ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಬ್ರಿಡ್ಜ್ ಮೇಲೆ ಟಕ್ ಅಂತ ಒಂದು ಪೆಟ್ಟು. ಹಂಗೆ ಹೊಡೆದಾಗ ಗಿಟಾರಿನ ದೇಹ ತನ್ನ ಸ್ವಂತ ದನಿಯಲ್ಲಿ ಉತ್ತರ ಕೊಡತ್ತೆ. ಸದ್ದಲ್ಲಿ ಯಾವ ಕಂಪನ ಎಷ್ಟಿದೆ ಅಂತ ಗೆರೆ ಎಳೆದು ತೋರಿಸೋ ಫೋನಿನ ಸ್ಪೆಕ್ಟ್ರಮ್ ಆ್ಯಪಲ್ಲಿ ಎರಡು ಗುಡ್ಡ ಎದ್ದವು, ಒಂದು 103 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ನಡುಗೋದು) ಹತ್ರ, ಅದು ಹೊಟ್ಟೆಯೊಳಗಿನ ಗಾಳಿಯದು, ಬಾಟಲಿ ಬಾಯಿಗೆ ಊದಿದಾಗ ಬರತ್ತಲ್ಲ ಅದೇ ಥರ. ಇನ್ನೊಂದು 201ರ ಹತ್ರ, ಅದು ಟಾಪ್ ಹಲಗೆಯದು. ಈ ಗಾತ್ರದ ಗಿಟಾರಿಗೆ ಸಾಮಾನ್ಯವಾಗಿ ಅಲ್ಲೇ ಸುತ್ತಮುತ್ತ ಬರತ್ತೆ. ಮರ ನಿಜವಾಗ್ಲೂ ಸಡಿಲ ಆದ್ರೆ, ಹಗುರ ಆದ್ರೆ, ಈ ಗುಡ್ಡಗಳು ಜರುಗಬೇಕು, ಇಲ್ಲಾ ಚೂಪಾಗಬೇಕು. ಬೇರೆ ದಾರಿ ಇಲ್ಲ.

ಪಾರ್ಸಲ್ ಬಂತು. ಹಚ್ಚಿದೆ. ಗುಂಯ್ ಅಂತ ಹಳೇ ಫ್ರಿಜ್ಜಿನಂಥ ಸದ್ದು. ಅಮ್ಮ ಅಡುಗೆಮನೆಯಿಂದ ಬಂದು "ಏನಪಾ ಇದು, ಜೇನು ಎದ್ದಂಗ ಆಗೈತಿ" ಅಂದ್ಲು. ಮಗಳಿಗೆ ಮಾತ್ರ ಬಾಳ ಖುಷಿ, ಗಿಟಾರಿನ ಬೆನ್ನಿಗೆ ಕೆನ್ನೆ ಇಟ್ಕೊಂಡು ಕೂತು ಬಿಟ್ಲು, ನಡುಗೋದು ಹಲ್ಲಿಗೆಲ್ಲ ಬರತ್ತಪ್ಪಾ ಅಂತ. ನಾನು ಆ ಸದ್ದನ್ನೂ ಆ್ಯಪಲ್ಲಿ ನೋಡಿದೆ, 50ಕ್ಕೊಂದು 100ಕ್ಕೊಂದು ಗೆರೆ, ಮನೆಗೆ ಬರೋ ಕರೆಂಟಿನದೇ ಲೆಕ್ಕ. ಅಲ್ಲೇ ನಂಗೆ ಮೊದಲ ಅನುಮಾನ ಬಂದಿದ್ದು. ಗಿಟಾರಿನ ಅತಿ ದಪ್ಪ ತಂತಿಯೇ 82 ಹರ್ಟ್ಜ್, ಅಲ್ಲಿಂದ ಶುರುವಾಗಿ ನುಡಿಸುವಾಗ ಎಷ್ಟೋ ಸಾವಿರ ಹರ್ಟ್ಜ್‌ವರೆಗೂ ಹಲಗೆ ನೂರಾರು ರೀತಿ ಮಡಚಿ ಬಿಚ್ಚಿ ಆಗ್ತಿರತ್ತೆ, ಇದು ಒಂದೆರಡು ಗೆರೆಯಲ್ಲಷ್ಟೇ ತಳ್ತಾ ಇದೆ, ಇದನ್ನ ಹತ್ತು ವರ್ಷ ನುಡಿಸಿದ್ದಕ್ಕೆ ಸಮ ಅಂತ ಹೇಗೆ ಹೇಳೋದು? ಆದ್ರೂ ಪೂರ್ತಿ 72 ಗಂಟೆ ಬಿಟ್ಟೆ. ಮಧ್ಯೆ ಎರಡು ಸಲ ಕರೆಂಟ್ ಹೋಯ್ತು, ಹೋದಷ್ಟು ಹೊತ್ತನ್ನ ಡೈರಿಯಲ್ಲಿ ಬರೆದಿಟ್ಟು ಕೊನೆಗೆ ಸೇರಿಸಿದೆ, ಮಷೀನಿಗೆ ಮೋಸ ಆಗಬಾರದು ಅಂತ.

ನಾಲ್ಕನೇ ದಿನ ಡಬ್ಬಿ ತೆಗೆದು ಗಿಟಾರ್ ಕೈಗೆ ತಗೊಂಡು ಅದೇ ಜಿ ಕಾರ್ಡ್ ಹಿಡಿದೆ.

ಚೆನ್ನಾಗಿ ಕೇಳ್ತು. ಇದನ್ನ ಮುಚ್ಚಿಡಬಾರದು, ಆ ಕ್ಷಣ ನಂಗೆ ನಿಜವಾಗ್ಲೂ ಬದಲಾಗಿದೆ ಅಂತಲೇ ಅನ್ನಿಸ್ತು, ಬೇಸ್ ದುಂಡಗಾಗಿದೆ ಅನ್ನಿಸ್ತು, ಹೆಂಡತಿಯನ್ನ ಕರೆದು ಕೇಳಿಸಿದೆ, ಅವಳೂ "ಹೌದ್ರೀ, ಚಲೋ ಆಗೈತಿ" ಅಂದ್ಲು. ನನ್ನ ಮುಖ ನೋಡಿ ಹೇಳಿದ್ಲು ಅಂತ ಆಮೇಲೆ ಒಪ್ಕೊಂಡ್ಲು.

ಮರುದಿನ ಬೆಳಗ್ಗೆ ಐದಕ್ಕೆ ಅದೇ ಕುರ್ಚಿ, ಅದೇ ಗುರುತು, ಅದೇ ತಾಮ್ರದ ತಂತಿ. ಗುಡ್ಡಗಳು 103, 201. ಒಂದು ಹರ್ಟ್ಜೂ ಜರುಗಿರಲಿಲ್ಲ. ದನಿ ಇಳಿದು ಹೋಗೋಕೆ ಹಿಡಿಯೋ ಹೊತ್ತು ಮೊದಲಿನಷ್ಟೇ, ಐದು ಸಲದ ಮೀಟಿನಲ್ಲಿ ತಮ್ಮತಮ್ಮಲ್ಲೇ ಇರೋ ವ್ಯತ್ಯಾಸಕ್ಕಿಂತ ಜಾಸ್ತಿ ಏನೂ ಇಲ್ಲ. ಆಮೇಲೆ ಹಿಂದಿನ ರೆಕಾರ್ಡು ಮುಂದಿನ ರೆಕಾರ್ಡು ಕಲಸಿ ಇಪ್ಪತ್ತು ಜೋಡಿ ಮಾಡಿ, ಯಾವುದು ಮಷೀನ್ ಹಚ್ಚಿದ ಮೇಲಿನದು ಅಂತ ಮೂರು ಜನಕ್ಕೆ ಕೇಳಿದೆ, ಹೆಂಡತಿ, ಶಿಫ್ಟಿನ ಗೆಳೆಯ, ಮತ್ತೆ ನಮ್ಮ ಓಣಿಯಲ್ಲಿ ಚರ್ಚಿಗೆ ಗಿಟಾರ್ ನುಡಿಸೋ ಹುಡುಗ, ಅವನ ಕಿವಿ ನನಗಿಂತ ಚುರುಕು. ಸರಿ ಹೇಳಿದ್ದು ಹನ್ನೊಂದು, ಒಂಬತ್ತು, ಹತ್ತು. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರೋದು.

ನನ್ನ ಒಂದು ಗಿಟಾರ್, ನನ್ನ ಒಂದು ಫೋನು, ಇದರ ಮೇಲೆ ದೊಡ್ಡ ಮಾತಾಡೋಕಾಗಲ್ಲ ಅಂತ ಗೊತ್ತು. ಆದ್ರೆ ನನಗಿಂತ ಎಷ್ಟೋ ಪಟ್ಟು ಕಟ್ಟುನಿಟ್ಟಾಗಿ ಇದನ್ನ ಮಾಡಿದವರಿದ್ದಾರೆ. ಸ್ಟ್ಯಾನ್‌ಫರ್ಡಿನ ಮೆಟೀರಿಯಲ್ಸ್ ವಿಜ್ಞಾನಿ ಬ್ರಾಡ್ಲಿ ಕ್ಲೆಮೆನ್ಸ್ ಮತ್ತೆ ಜೊತೆಯವರು ಒಂದೇ ಥರದ ಗಿಟಾರ್ ಜೋಡಿಗಳನ್ನ ತಗೊಂಡು, ಜೋಡಿಯಲ್ಲಿ ಒಂದಕ್ಕೆ ಮಾತ್ರ ಟೋನ್‌ರೈಟ್ ಅನ್ನೋ ಹೆಸರುವಾಸಿ ವೈಬ್ರೇಶನ್ ಮಷೀನ್ ಹಚ್ಚಿ, ಅನುಭವಿ ವಾದಕರ ಕೈಗೆ ಕೊಟ್ಟು ನೋಡಿದ್ರು, ಅಳತೆನೂ ಮಾಡಿದ್ರು, 2014ರಲ್ಲಿ ಪ್ರಕಟ ಆಯ್ತು. ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ಲೆಕ್ಕಕ್ಕೆ ಹಿಡಿಯೋವಷ್ಟು ವ್ಯತ್ಯಾಸ ಸಿಗಲಿಲ್ಲ. ನಂಗೆ ಇನ್ನೂ ಬಾಳ ಮುಟ್ಟಿದ್ದು ಸಿಡ್ನಿಯದು. ಒಬ್ಬನೇ ಕುಶಲಕರ್ಮಿ ಒಂದೇ ಥರದ ಮರದಲ್ಲಿ ಎರಡು ವಯಲಿನ್ ಮಾಡಿದ, ಒಂದನ್ನ ಮ್ಯೂಸಿಯಮ್ಮಲ್ಲಿ ಇಟ್ರು, ಇನ್ನೊಂದನ್ನ ಒಬ್ಬ ವೃತ್ತಿಪರ ವಾದಕ ಮೂರು ವರ್ಷ ನುಡಿಸಿದ. ಮಷೀನ್ ಅಲ್ಲ, ನಿಜವಾದ ಕೈ. 2005ರಲ್ಲಿ ಫಲಿತಾಂಶ ಬಂದಾಗ ವಾದಕರಿಗೂ ಕೇಳುಗರಿಗೂ ಎರಡರ ಮಧ್ಯೆ ಹೇಳಿಕೊಳ್ಳುವಂಥ ಫರಕು ಗೊತ್ತಾಗಲಿಲ್ಲ. ಇದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ ನಂಗೆ, ನುಡಿಸ್ತಾ ನುಡಿಸ್ತಾ ವಾದ್ಯ ನಮ್ಮದಾಗತ್ತೆ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿರೋನು ನಾನು.

ಇನ್ನೊಂದು ಕಡೆಯ ಸಾಕ್ಷಿನೂ ಇದೆ, ಅದನ್ನ ಬಿಟ್ರೆ ಅನ್ಯಾಯ ಆಗತ್ತೆ. 1996ರಲ್ಲಿ ಹಂಟ್ ಮತ್ತು ಬಾಲ್ಸನ್ ಅನ್ನೋರು ನೇಚರ್ ಪತ್ರಿಕೆಯಲ್ಲಿ ಬರೆದರು, ತೇವ ಜಾಸ್ತಿ ಇರೋ ಹವೆಯಲ್ಲಿ ಸ್ಪ್ರೂಸ್ ತುಂಡನ್ನ ನಡುಗಿಸ್ತಾ ಇದ್ರೆ ಅದರ ಡ್ಯಾಂಪಿಂಗ್ ಕಡಿಮೆ ಆಗತ್ತೆ ಅಂತ, ಅಂದ್ರೆ ದನಿಯನ್ನ ಮರ ನುಂಗೋದು ಕಡಿಮೆ ಆಗತ್ತೆ. ಇದನ್ನ ಮಷೀನ್ ಪರ ಇರೋರು ಯಾವಾಗ್ಲೂ ಮುಂದಿಡ್ತಾರೆ. ಆದ್ರೆ ಅದು ಮರದ ತುಂಡು. ಗಿಟಾರ್ ಅಂದ್ರೆ ಪಾಲಿಶ್ ಹೊಡೆದ, ಒಳಗೆ ಪಟ್ಟಿಗಳು ಅಂಟಿಸಿದ, ಎಪ್ಪತ್ತು ಕೆಜಿ ಮೇಲೆ ತಂತಿಗಳ ಎಳೆತ ಹೊತ್ತುಕೊಂಡಿರೋ ವಸ್ತು. ಮತ್ತೆ ಅವರ ಮಾತಲ್ಲೇ ತೇವದ ಹೆಸರು ಇದೆ ಅನ್ನೋದನ್ನ ಯಾರೂ ಗಮನಿಸಲ್ಲ. ಬೇರಿಂಗಿನ ಹೋಲಿಕೆ ಎಲ್ಲಿ ತಪ್ಪಿತು ಅಂತಾನೂ ಆಗ ಹೊಳೀತು ನಂಗೆ. ಬೇರಿಂಗಲ್ಲಿ ಲೋಹಕ್ಕೆ ಲೋಹ ಉಜ್ಜತ್ತೆ, ಗ್ರೀಸ್ ಓಡಾಡತ್ತೆ, ಏನೋ ಒಂದು ನಿಜವಾಗಿ ಜಾಗ ಬದಲಿಸತ್ತೆ. ಗಿಟಾರಲ್ಲಿ ಉಜ್ಜೋದೇನೂ ಇಲ್ಲ, ಎಲ್ಲಾ ಅಂಟಿಕೊಂಡಿದೆ.

ಹಂಗಾದ್ರೆ ನನ್ನ ಗಿಟಾರಿಗೆ ಆಗಿದ್ದೇನು? ಉತ್ತರ ಕೊಟ್ಟಿದ್ದು ಪಕ್ಕದ ಓಣಿಯ ಬಡಿಗೇರ ಕಾಕಾ. ಅವರಿಗೆ ಗಿಟಾರ್ ಗೊತ್ತಿಲ್ಲ, ಕಟಗಿ ಗೊತ್ತು. ಕೈಗೆ ತಗೊಂಡು ಕತ್ತಿನ ಮೇಲೆ ಬೆರಳು ಆಡಿಸಿದ್ರು, ಅಡ್ಡಕ್ಕೆ ಕೂರಿಸಿದ ಲೋಹದ ಫ್ರೆಟ್ ಪಟ್ಟಿಗಳ ತುದಿಗಳು ಎರಡೂ ಬದಿ ಹೊರಗೆ ಬಂದು ಚುಚ್ಚೋ ಹಂಗಿದ್ವು. "ಹಿತ್ತಾಳಿ ಬೆಳದಿಲ್ಲ ತಮ್ಮಾ, ಕಟಗಿ ಒಣಗಿ ಸಣ್ಣದಾಗೈತಿ. ಮಳಿಗಾಲದಾಗ ಬಾಗ್ಲಾ ಹಿಡಕೊಂತೈತಲ್ಲ, ಬ್ಯಾಸಿಗ್ಯಾಗ ಲೂಸ್ ಆಗ್ತೈತಲ್ಲ, ಅದ ಇದು." ಟಾಪ್ ಮೇಲೆ ಸ್ಕೇಲ್ ಇಟ್ಟು ತೋರಿಸಿದ್ರು, ಸ್ವಲ್ಪ ಉಬ್ಬಿರಬೇಕಾದ ಹಲಗೆ ಸೌಂಡ್‌ಹೋಲ್ ಹತ್ರ ತಗ್ಗಿತ್ತು. ಹಲಗೆ ತಗ್ಗಿದ್ದಕ್ಕೆ ತಂತಿಗಳು ಫ್ರೆಟ್ಟಿಗೆ ಹತ್ರ ಬಂದು ಬಡೀತಾ ಇದ್ವು, ನಂಗೆ ಕೇಳಿದ ಆ ಡಬ್ಬಿ ಸದ್ದಿನ ಅರ್ಧ ಭಾಗ ಅದೇ.

ಮುನ್ನೂರು ರೂಪಾಯಿ ಚಿಲ್ಲರೆಗೆ ಒಂದು ತೇವ ತೋರಿಸೋ ಮೀಟರ್ ತರಿಸಿದೆ. ನಮ್ಮ ಹಾಲಲ್ಲಿ ಮಧ್ಯಾಹ್ನ 22 ಪರ್ಸೆಂಟ್! ಗಿಟಾರ್ ಮಾಡೋರು ಹೇಳೋದು 45ರಿಂದ 55ರ ಮಧ್ಯೆ ಇಡಿ ಅಂತ. ಮೂರು ಬೇಸಿಗೆ ಅದು ಬಿಸಿಲು ಬೀಳೋ ಗೋಡೆ ಪಕ್ಕ ಬೀರು ಮೇಲೆ ಕೂತಿತ್ತು, ಟಾಪ್ ಸೀಳಿಲ್ಲ ಅನ್ನೋದೇ ದೊಡ್ಡದು. ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಒಳಗೆ ಹಿಂಡಿದ ಸ್ಪಂಜ್ ಇಟ್ಟು, ಕೇಸಲ್ಲಿ ತಂತಿ ಕಟ್ಟೋ ತಲೆ ಹತ್ರ ಒಂದು, ಹೊಟ್ಟೆ ಹತ್ರ ಒಂದು ಇಟ್ಟೆ. ನೀರು ತೊಟ್ಟಿಕ್ಕಬಾರದು, ಅದೊಂದು ಜಾಗ್ರತೆ. ಎರಡು ವಾರಕ್ಕೆ ಕೇಸೊಳಗೆ 48. ಹಲಗೆ ಮೇಲೆದ್ದಿತ್ತು, ಫ್ರೆಟ್ ತುದಿ ಕೈಗೆ ತಾಗ್ತಿರಲಿಲ್ಲ.

ಆಮೇಲೆ ತಂತಿ. ಮೂರು ವರ್ಷದ ಹಳೇ ತಂತಿ, ಸುತ್ತಿನ ಸಂದಿಯಲ್ಲಿ ಬೆವರು, ಕಿಲುಬು, ಧೂಳು, ಇಲ್ಲಿಯ ಕೆಂಪು ಧೂಳು ಗೊತ್ತಲ್ಲ ಅದು. ಸುತ್ತಿದ ತಂತಿಯಲ್ಲಿ ಕೊಳೆ ತುಂಬಿದ್ರೆ ಮೇಲಿನ ಸ್ವರಾಂಶಗಳು ಬೇಗ ಸತ್ತೋಗ್ತವೆ, ಉಳಿಯೋದು ಬರೀ ದಪ್ಪ ಸದ್ದು. ಹೊಸ ಫಾಸ್ಫರ್ ಬ್ರಾಂಜ್ ಸೆಟ್ ಹಾಕಿ, ಮತ್ತೆ ಐದಕ್ಕೆ ಎದ್ದು ರೆಕಾರ್ಡ್ ಮಾಡಿ, ಮತ್ತೆ ಇಪ್ಪತ್ತು ಜೋಡಿ ಅದೇ ಮೂರು ಜನಕ್ಕೆ. ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತು. ಚರ್ಚಿನ ಹುಡುಗ "ಅಣ್ಣಾ ಇದನ್ನೇನು ಕೇಳ್ತೀರಿ" ಅಂದ.

ನಂಗೆ ಈ ವಿಷಯದಲ್ಲಿ ಸಿಟ್ಟು ಬರೋದು ಈ ಹುಡುಗರಿಗೋಸ್ಕರ. ಆರೇಳು ಸಾವಿರದ ಗಿಟಾರ್ ತಗೊಂಡಿರ್ತಾರೆ, ಆಕ್ಷನ್, ಅಂದ್ರೆ ಫ್ರೆಟ್ಟಿಗೂ ತಂತಿಗೂ ಇರೋ ಅಂತರ, ಜಾಸ್ತಿ ಇರತ್ತೆ, ಬೆರಳು ಹರಿದು ಹೋಗ್ತಿರತ್ತೆ, ಕತ್ತಿನ ತುದಿಯ ನಟ್ಟಲ್ಲಿ ತಂತಿ ಕಚ್ಕೊಂಡು ಶ್ರುತಿ ನಿಲ್ಲಲ್ಲ, ಅಂಥವರು ಆನ್‌ಲೈನಲ್ಲಿ ನೋಡಿ ಮಷೀನಿಗೆ ದುಡ್ಡು ಕೂಡಿಡ್ತಿರ್ತಾರೆ. ಆ ದುಡ್ಡಲ್ಲಿ ಇವನ್ನೆಲ್ಲ ಸರಿ ಮಾಡೋ ಒಂದು ಒಳ್ಳೇ ಸೆಟಪ್ ಮಾಡಿಸಿ, ವರ್ಷಕ್ಕಾಗೋಷ್ಟು ತಂತಿ ತಗೊಂಡು, ಮೀಟರ್ ತಗೊಂಡು ಇನ್ನೂ ಉಳಿಯತ್ತೆ. ಮರವನ್ನೇ ಬದಲಾಯಿಸಿ ಹಳೇದರ ಗುಣ ತರೋಕೆ ದಾರಿ ಇಲ್ಲ ಅಂತಲ್ಲ, ಈಗ ಕಂಪನಿಗಳು ಟೊರಿಫೈಡ್ ಟಾಪ್ ಅಂತ ಮಾಡ್ತವೆ, ಆಮ್ಲಜನಕ ಇಲ್ಲದ ಒಲೆಯಲ್ಲಿ ಮರವನ್ನ ಬೇಯಿಸ್ತಾರೆ, ಅದರಿಂದ ಹೆಮಿಸೆಲ್ಯುಲೋಸ್ ಮುರಿದು ಮರ ತೇವ ಹೀರೋದೇ ಕಡಿಮೆ ಆಗತ್ತೆ. ಅಲ್ಲೂ ನೋಡಿ, ಕೊನೆಗೆ ನೀರಿನದೇ ಲೆಕ್ಕ.

ಹೊಸ ಗಿಟಾರ್ ಮೊದಲ ತಿಂಗಳುಗಳಲ್ಲಿ ಬದಲಾಗೋದು ಸುಳ್ಳಲ್ಲ, ಎಳೆತಕ್ಕೆ ಹಲಗೆ ಕೂರತ್ತೆ, ಪಾಲಿಶ್ ಒಣಗ್ತಾ ಹೋಗತ್ತೆ, ಫ್ಯಾಕ್ಟರಿ ಹವೆ ಬಿಟ್ಟು ನಮ್ಮ ಹವೆಗೆ ಹೊಂದ್ಕೊಳ್ಳತ್ತೆ. ಆದ್ರೆ ಅದೇ ತಿಂಗಳಲ್ಲಿ ಪಕ್ಕದಲ್ಲಿ ಮಷೀನ್ ಓಡ್ತಿದ್ರೆ ಹೆಸರು ಮಷೀನಿಗೆ ಹೋಗತ್ತೆ.

ಜುಲೈಯಲ್ಲಿ ಮೊಹರಂಗೆ ಊರಿಗೆ ಹೋಗಿದ್ದೆ, ಸಿರುಗುಪ್ಪ ಕಡೆ ನಮ್ಮೂರು, ಸುತ್ತ ಭತ್ತದ ಗದ್ದೆ. ಸಂಜೆ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಅಲಾಯಿ ಕುಣಿಯಲ್ಲಿ, ಅಂದ್ರೆ ಮೊಹರಂಗೆ ತೋಡಿದ ಗುಂಡಿಯಲ್ಲಿ, ಬೆಂಕಿ ಹಾಕಿದ್ರು, ಹೆಜ್ಜೆ ಹಾಕೋ ಹುಡುಗರು ಇನ್ನೂ ಬಂದಿರಲಿಲ್ಲ, ಚರ್ಮದ ಹಲಗೆ ವಾದ್ಯ ಬಾರಿಸೋ ಹಿರಿಯರು ಬೆಂಕಿ ಪಕ್ಕ ಕುಕ್ಕರಗಾಲಲ್ಲಿ ಕೂತು ಹಲಗೆಯನ್ನ ಉರಿಗೆ ತೋರಿಸ್ತಾ ಇದ್ರು. ಒಂದು ಸುತ್ತು ತಿರುಗಿಸೋದು, ಹೊರಗೆ ತೆಗೆದು ಮಧ್ಯೆ ಬೆರಳಲ್ಲಿ ಒಂದು ಟಕ್, ಅಂಚಲ್ಲಿ ಒಂದು ಟಕ್, ಕಿವಿ ಹತ್ರ ತರೋದು, ಮತ್ತೆ ಉರಿಗೆ. ಚರ್ಮದಿಂದ ಸಣ್ಣಗೆ ಹಬೆ ಬರ್ತಿತ್ತು. ನಾನು ಪಕ್ಕದಲ್ಲಿ ಕೂತು "ಬಂತೇನ್ರೀ ಯಜಮಾನ್ರ?" ಅಂದೆ. "ಇನ್ನ ಬಂದಿಲ್ಲಪಾ, ತಂಪು ಐತಿ ಒಳಗ" ಅಂದ್ರು. ಇನ್ನೆರಡು ಸುತ್ತು. ಮತ್ತೆ ಟಕ್. ಈ ಸಲ ಆ ಟಕ್ ಬೇರೆನೇ ಇತ್ತು, ಮೇಲೆ ಹಾರಿದಂಗೆ. ಅವರು ಏನೂ ಹೇಳದೆ ಎದ್ದು ನಿಂತು ಪಟ್ಟಿ ಹೆಗಲಿಗೆ ಹಾಕ್ಕೊಂಡ್ರು.

ನಾನು ಪೆನ್ಸಿಲ್ಲು, ಫೋನು, ಆ್ಯಪು ಇಟ್ಕೊಂಡು ಮಾಡಿದ ಬಂಪ್ ಟೆಸ್ಟ್ ಅಷ್ಟೂ ಅವರ ಎರಡು ಬೆರಳಲ್ಲಿ ಇತ್ತು.

ಬಳ್ಳಾರಿಗೆ ವಾಪಸ್ ಬಂದು ಗಿಟಾರಿಗೂ ಟಕ್ ಅಂದೆ. ಕೇಸ್ ಹೊರಗೇ ಬಿಟ್ಟು ಹೋಗಿದ್ದೆ, ಮೀಟರ್ 66 ತೋರಿಸ್ತಿತ್ತು. ಟಾಪಿನ ಗುಡ್ಡ 201ರಿಂದ 192ಕ್ಕೆ ಇಳಿದಿತ್ತು, ನೀರು ಕುಡಿದು ಹಲಗೆ ಭಾರ ಆಗಿತ್ತು, ಉಬ್ಬಿತ್ತು, ದನಿ ಸ್ವಲ್ಪ ಮಂಕು. ಮೂರು ದಿನ ನಡುಗಿಸಿದ್ರೆ ಒಂದು ಹರ್ಟ್ಜ್ ಜರುಗದೇ ಇದ್ದದ್ದು ಒಂದು ಮಳೆಗಾಲಕ್ಕೆ ಒಂಬತ್ತು ಹರ್ಟ್ಜ್ ಜರುಗಿತ್ತು. ಸೋಪಿನ ಡಬ್ಬಿ ತೆಗೆದು ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕೇಸ್ ಮುಚ್ಚಿದೆ.

ದೋಸ್ತನಿಗೆ ಇದೆಲ್ಲಾ ಹೇಳಿದೆ, ರೆಕಾರ್ಡೂ ಕಳಿಸಿದೆ. ಅವನು ಒಪ್ಪಲಿಲ್ಲ, "ನನ್ನ ಗಿಟಾರಿಗೆ ಆಗೈತಿ, ನನ್ನ ಕಿವಿಲೆ ಕೇಳೀನಿ" ಅಂದ. ಅವನ ಕಿವಿ ಒಳ್ಳೇ ಕಿವಿ, ಅದು ನಂಗೆ ಗೊತ್ತು, ನಾನು ಶ್ರುತಿ ಮಾಡೋದು ಕಲಿತದ್ದೇ ಅವನಿಂದ. ಮೂರು ದಿನ ಗಿಟಾರ್ ಮುಟ್ಟದೇ ಇದ್ದು, ಆಮೇಲೆ ಆಸೆಯಿಂದ ಕೈಗೆ ತಗೊಂಡಾಗ ಕೇಳೋ ಆ ಮೊದಲ ಕಾರ್ಡು ಎಷ್ಟು ಸಿಹಿ ಇರತ್ತೆ ಅಂತಾನೂ ಗೊತ್ತು, ನಾನೇ ಕೇಳಿದೀನಲ್ಲ. ದಸರಾಕ್ಕೆ ಅವನು ಹೊಸ ಗಿಟಾರ್ ತಗೊಂಡು ಬರ್ತಾನಂತೆ, ಇನ್ನೂ ಮಷೀನ್ ಹಚ್ಚಿಲ್ಲದ್ದು, ಇಲ್ಲೇ ನಮ್ಮನೇಲೇ ಮೂರು ದಿನ ಹಚ್ಚೋಣ, ಮೊದಲು ನಂತರ ಎರಡೂ ರೆಕಾರ್ಡ್ ಮಾಡೋಣ, ಕೇಳೋನು ನೀನೇ ಅಂತ ಮಾತಾಗಿದೆ. ಮಷೀನ್ ನನ್ನ ಹತ್ರನೇ ಇದೆ. ತಾಮ್ರದ ತಂತಿಯನ್ನ ಗೇಣುದ್ದ ಅರವತ್ತು ತುಂಡು ಕತ್ತರಿಸಿ, ಮಗಳ ಹಳೇ ಪೆನ್ಸಿಲ್ ಬಾಕ್ಸಲ್ಲಿ ಹಾಕಿಟ್ಟಿದೀನಿ.